ರಕ್ತದ ಕೊಬ್ಬು ಮತ್ತು ಪಿತ್ತಕೋಶದ ಕಲ್ಲು

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಿಂದ ನಮ್ಮಲ್ಲಿಗೆ ಬರುವ ಸದ್ಭಕ್ತರು ರಕ್ತಪರೀಕ್ಷೆಯ ಚೀಟಿ ತೋರಿಸಿ, "ಕೊಲೆಸ್ಟರಾಲ್ ಸರಿಯಿದೆಯಲ್ಲ, ಮತ್ತೆ ಕಲ್ಲು ಹೇಗಾಯಿತು?" ಎಂದು ಕೇಳುವುದುಂಟು.

ಪಿತ್ತಕೋಶದ ಕಲ್ಲುಗಳಲ್ಲಿ ಹಲವು ಕೊಲೆಸ್ಟರಾಲಿನವೇ. ಆದರೆ ಅವು ಹುಟ್ಟುವುದು ರಕ್ತದಲ್ಲಲ್ಲ, ಪಿತ್ತರಸದಲ್ಲಿ. ಯಕೃತ್ತು ಪಿತ್ತರಸಕ್ಕೆ ಬಿಡುವ ಕೊಲೆಸ್ಟರಾಲನ್ನು ಪಿತ್ತಲವಣಗಳು ಕರಗಿಸಿಡುತ್ತವೆ. ಅವುಗಳ ಶಕ್ತಿ ಮೀರಿದರೆ ಅದು ಹರಳುಗಟ್ಟುತ್ತದೆ. ಆದುದರಿಂದ ರಕ್ತದ ಒಟ್ಟು ಕೊಲೆಸ್ಟರಾಲ್ 200ರ ಒಳಗಿದ್ದರೂ ಕಲ್ಲಾಗಬಹುದು. ಕಲ್ಲಿನೊಡನೆ ಹೆಚ್ಚು ನಂಟಿರುವುದು ಟ್ರೈಗ್ಲಿಸರೈಡ್ ಏರಿಕೆ, ಎಚ್.ಡಿ.ಎಲ್. ಇಳಿಕೆ, ಬೊಜ್ಜು, ಮಧುಮೇಹಗಳಿಗೆ. ದೀರ್ಘ ಉಪವಾಸದಲ್ಲಿ ಪಿತ್ತಕೋಶ ಬರಿದಾಗದೆ ಪಿತ್ತರಸವು ನಿಂತು ಗಟ್ಟಿಯಾಗುತ್ತದೆ. ತೂಕವನ್ನು ಅವಸರದಿಂದ ಇಳಿಸುವುದೂ ಕಲ್ಲಿಗೆ ದಾರಿ. ಕಲ್ಲಿದೆಯೇ ಎಂಬುದನ್ನು ಹೇಳುವುದು ಹೊಟ್ಟೆಯ ಸ್ಕ್ಯಾನಿಂಗ್, ರಕ್ತದ ಚೀಟಿಯಲ್ಲ.

ಸುಶ್ರುತರು ವರ್ಣಿಸಿದ ಅಶ್ಮರಿ ಮೂತ್ರದ ಕಲ್ಲು. ಅದರ ಕಷಾಯವನ್ನು ಪಿತ್ತಕೋಶದ ಕಲ್ಲಿಗೂ ಕುಡಿಯುವುದನ್ನು ನಾವು ಒಪ್ಪುವುದಿಲ್ಲ. ನೋವು ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. ಊಟದ ಬಳಿಕ ಬಲಪಕ್ಕೆಲುಬಿನ ಕೆಳಗೆ ಎದ್ದು ಬಲಭುಜಕ್ಕೆ ಹರಡುವ ನೋವು ಮರುಕಳಿಸಿದರೆ ಶಸ್ತ್ರವೈದ್ಯರನ್ನು ಕಾಣಬೇಕು. ನೋವಿನೊಡನೆ ಚಳಿಜ್ವರ, ಕಾಮಾಲೆ ಕಂಡರೆ ಕಲ್ಲು ಪಿತ್ತನಾಳವನ್ನು ತಡೆದಿರಬಹುದು. ಆಗ ನೆಲನೆಲ್ಲಿಯ ಮದ್ದನ್ನು ನೆಚ್ಚಿ ಕೂರದೆ ಅಂದೇ ಆಸ್ಪತ್ರೆ ಸೇರಬೇಕು.