ಬಲ್ಬಿನ ತಂತಿಗೆ ಟಂಗ್‌ಸ್ಟನ್ನೇ ಏಕೆ? ಮನೆಯಲ್ಲೇ ಅಳೆದು ನೋಡಿ

ದೇವರ ಕೋಣೆಯಲ್ಲೋ ಕೋಳಿಮರಿಗಳ ಗೂಡಿನಲ್ಲೋ ಹಳದಿ ಬಲ್ಬು ಉರಿಯುವ ಮನೆಗಳು ಉಡುಪಿ, ಕಾರ್ಕಳದ ಕಡೆ ಇನ್ನೂ ಇವೆ. ಅದರ ತಂತಿ ಎಷ್ಟು ಕಾಯುತ್ತದೆ ಎಂಬುದನ್ನು ಹೈಸ್ಕೂಲು ಮಕ್ಕಳು ಮಲ್ಟಿಮೀಟರ್ ಹಿಡಿದು ತಾವೇ ಲೆಕ್ಕ ಹಾಕಬಹುದು. ಹಿರಿಯರೊಬ್ಬರು ಜೊತೆಗಿರಲಿ.

60 ವಾಟ್ ಬಲ್ಬಿನ ಸ್ವಿಚ್ ಆಫ್ ಮಾಡಿ, ಪೂರ್ತಿ ತಣಿದ ಮೇಲೆ ಹೋಲ್ಡರಿನಿಂದ ಕಳಚಿ. ಹೋಲ್ಡರಿನಲ್ಲಿರುವಾಗ ಅಳೆಯಲು ಹೋಗಲೇಬೇಡಿ. ಮೀಟರನ್ನು 200 ಓಮ್‌ಗೆ ತಿರುಗಿಸಿ, ಬುಡದ ಎರಡು ಬೆಸುಗೆ ಚುಕ್ಕಿಗಳಿಗೆ ಕಡ್ಡಿ ಮುಟ್ಟಿಸಿ. ಸುಮಾರು 65 ಓಮ್ ಬರುತ್ತದೆ.

ಈಗ ಉರಿಯುವಾಗಿನ ರೋಧ. ಮನೆಯ ಕರೆಂಟಿನ ವೋಲ್ಟೇಜ್ 230ನ್ನು 230ರಿಂದ ಗುಣಿಸಿ ಬಲ್ಬಿನ ವಾಟ್ 60ರಿಂದ ಭಾಗಿಸಿದರೆ 882 ಓಮ್. ಅಂದರೆ ಹದಿಮೂರು ಪಟ್ಟಿಗೂ ಹೆಚ್ಚು. ಟಂಗ್‌ಸ್ಟನ್ ರೋಧ ಇಷ್ಟು ಏರಬೇಕಾದರೆ ತಂತಿ ಸುಮಾರು 2,400 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು.

ಈ ಅಂಕಿಯನ್ನು ಮುಂದಿಟ್ಟು ಲೋಹಗಳನ್ನು ಒಂದೊಂದಾಗಿ ಪರೀಕ್ಷಿಸಿ. ತಾಮ್ರ 1,085ಕ್ಕೇ ಕರಗುತ್ತದೆ, ಕಬ್ಬಿಣ 1,538ಕ್ಕೆ, ಪ್ಲಾಟಿನಂ 1,768ಕ್ಕೆ. ಮೂರೂ ಹೊರಗೆ. ಎಡಿಸನ್ 1879ರಲ್ಲಿ ಬಳಸಿದ ಇಂಗಾಲ ಕರಗದು, ಆದರೆ ಇಷ್ಟು ಕಾವಿಗೆ ಬೇಗ ಆವಿಯಾಗಿ ಗಾಜಿಗೆ ಮಸಿ ಹಿಡಿಸುತ್ತದೆ. ಯಕ್ಷಗಾನದ ರಂಗಸ್ಥಳ ಬೆಳಗಿದ ಗ್ಯಾಸ್‌ಲೈಟಿನ ಮ್ಯಾಂಟಲ್ ಕಂಡುಹಿಡಿದ ಔವರ್ ಫಾನ್ ವೆಲ್ಸ್‌ಬಾಕ್ ಅವರೇ ಆಸ್ಮಿಯಂ ತಂತಿಯ ಬಲ್ಬನ್ನೂ ಮಾಡಿದರು; 3,033 ಡಿಗ್ರಿವರೆಗೆ ತಾಳುವ ಆ ಲೋಹ ತೀರಾ ಪೆಡಸು, ದುಬಾರಿ ಕೂಡ.

3,422 ಡಿಗ್ರಿವರೆಗೆ ಕರಗದ, ನಿಧಾನವಾಗಿ ಆವಿಯಾಗುವ ಟಂಗ್‌ಸ್ಟನ್ ಮೊದಲಿಗೆ ಮುರಿಯುವ ಲೋಹವೇ ಆಗಿತ್ತು. ಕಾಪು ದೀಪಸ್ತಂಭ ಎದ್ದ 1901ರಲ್ಲಿ ಅದರ ಬಲ್ಬು ಇನ್ನೂ ಬಂದಿರಲಿಲ್ಲ. ಅದನ್ನು ಕಾಯಿಸಿ, ಬಡಿದು, ಕೂದಲಿಗಿಂತ ತೆಳುವಾಗಿ ಎಳೆಯುವ ವಿಧಾನವನ್ನು ವಿಲಿಯಂ ಕೂಲಿಜ್ 1910ರ ಸುಮಾರಿಗೆ ಸಾಧಿಸಿದರು. ನನ್ನ ಮಟ್ಟಿಗೆ ಬಲ್ಬಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕೈಚಳಕವಿಲ್ಲ. 1936ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಸೂರು ಲ್ಯಾಂಪ್ಸ್‌ನ ಬಲ್ಬುಗಳಿಗೂ ಅದೇ ಆಧಾರ.

ಒಂದೇ ಕೊರತೆ: ಕೆಂಪಗೆ ಕಾದ ಟಂಗ್‌ಸ್ಟನ್ ಗಾಳಿ ತಾಗಿದರೆ ಸುಟ್ಟುಹೋಗುತ್ತದೆ. ಅದಕ್ಕೇ ಗಾಜಿನೊಳಗೆ ಆರ್ಗಾನ್, ನೈಟ್ರೊಜನ್ ತುಂಬುತ್ತಾರೆ. ಗಾಳಿಯಲ್ಲೇ ಕಾಯಬೇಕಾದ ಇಸ್ತ್ರಿಪೆಟ್ಟಿಗೆಗೆ ನೈಕ್ರೋಮ್ ಸರಿ.

ತಣ್ಣಗಿನ ರೋಧ ಕಡಿಮೆ ಇರುವುದರಿಂದ ಸ್ವಿಚ್ ಹಾಕಿದ ಕ್ಷಣ ಕರೆಂಟು ಹತ್ತಾರು ಪಟ್ಟು ನುಗ್ಗುತ್ತದೆ. ಸವೆದ ತಂತಿ ಆಗಲೇ ಕಡಿಯುವುದು. ಮರಿಗಳ ಗೂಡಿನ ಬಲ್ಬಿನ ಗಾಜು ಒಳಗಡೆ ಕಪ್ಪಾಗಿದ್ದರೆ ತಂತಿ ಸವೆದಿದೆ ಎಂದರ್ಥ. ರಾತ್ರಿ ಅದು ಕೈಕೊಡುವ ಮೊದಲೇ ಬದಲಿಸಿಡಿ.