ನಿಂತು ಹಿಂಬಾಗುವ ಆಸನಗಳು: ಅಭ್ಯಾಸ ಮತ್ತು ಪರಿಷ್ಕಾರ

ಶಾಲಾ ವಾರ್ಷಿಕೋತ್ಸವದ ಯೋಗ ಪ್ರದರ್ಶನಗಳಲ್ಲಿ ಅತ್ಯಂತ ಹೆಚ್ಚು ಕರತಾಡನಕ್ಕೆ ಪಾತ್ರವಾಗುವುದು, ನಿಂತ ನಿಲುವಿನಿಂದಲೇ ಹಿಂದಕ್ಕೆ ಬಾಗಿ ಅಂಗೈಗಳನ್ನು ನೆಲಕ್ಕೂರುವ ಚಕ್ರಾಸನ. ವಿದ್ಯಾರ್ಥಿದೆಸೆಯಲ್ಲಿ ನಾನೂ ಆ ಚಪ್ಪಾಳೆಗೆ ಮನಸೋತವನೇ. ನೋಡುವವರ ಕಣ್ಣು ತಲೆ ಎಷ್ಟು ಕೆಳಗಿಳಿಯಿತೆಂಬುದನ್ನಷ್ಟೇ ಅಳೆಯುತ್ತದೆ. ನಾನೂ ಅದನ್ನೇ ಅಳೆಯುತ್ತ ಹೋದೆ. ಪರಿಣಾಮವಾಗಿ ಸೊಂಟ ಹಿಡಿದು, ಹಲವು ತಿಂಗಳ ಕಾಲ ಬಾವಿಯಿಂದ ಒಂದು ಕೊಡ ನೀರು ಸೇದಲೂ ಅಶಕ್ತನಾದೆ. ಆ ನೋವು ಕಲಿಸಿದ ಪಾಠವನ್ನು ನಮ್ಮ ಮಕ್ಕಳಿಗಾಗಿ ಇಲ್ಲಿ ನಿವೇದಿಸುತ್ತಿದ್ದೇನೆ.

ಹಠಯೋಗ ಪ್ರದೀಪಿಕೆಯು ವರ್ಣಿಸುವ 15 ಆಸನಗಳಲ್ಲಿ ನಿಂತು ಮಾಡುವ ಆಸನ ಒಂದೂ ಇಲ್ಲ. ಇಂದು ರೂಢಿಯಲ್ಲಿರುವ ನಿಂತ ಆಸನಗಳ ಕ್ರಮವು ವ್ಯಾಪಕವಾಗಿ ಹರಡಿದುದರಲ್ಲಿ ಮೈಸೂರಿನ ಪಾಲು ದೊಡ್ಡದು. ಅಲ್ಲಿನ ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರ ‘ಯೋಗ ಮಕರಂದ’ವು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಅವರ ಶಿಷ್ಯರಾದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರೂ ಕೌಶಿಕದ ಕೆ. ಪಟ್ಟಾಭಿ ಜೋಯಿಸರೂ ಈ ವಿದ್ಯೆಯನ್ನು ಜಗತ್ತಿಗೆ ಕೊಂಡೊಯ್ದರು.

ಹಿಂಬಾಗುವಾಗ ದೇಹದಲ್ಲಿ ನಡೆಯುವುದೇನು? ಬೆನ್ನೆಲುಬಿನಲ್ಲಿ ಚಲಿಸಬಲ್ಲ ಕಶೇರುಕಗಳು 24: ಕೊರಳಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಕೊರಳು ಮತ್ತು ಸೊಂಟದ ಭಾಗಗಳು ಹಿಂದಕ್ಕೆ ಸುಲಭವಾಗಿ ಬಾಗುತ್ತವೆ. ಎದೆಯ ಭಾಗಕ್ಕಾದರೋ ಪಕ್ಕೆಲುಬುಗಳ ಬಿಗಿತವಿದೆ. ತೊಡೆಸಂದಿನ ಮುಂಭಾಗದ ಸ್ನಾಯುಗಳು ಬಿಗಿದಿದ್ದರಂತೂ ಅವಸರದ ಅಭ್ಯಾಸಿಯ ಬಾಗುವಿಕೆಯೆಲ್ಲವೂ ಸೊಂಟದ ಒಂದೆರಡು ಸಂದುಗಳಲ್ಲಿ ಬಂದು ಕೂಡುತ್ತದೆ. ಹೊರಗಿನ ನೋಟಕ್ಕೆ ಅದು ಆಳವಾದ ಆಸನ. ಒಳಗೆ ಅದು ಬಿಲ್ಲಲ್ಲ, ಮುರಿದ ಕೋಲು. ಬಿಲ್ಲು ತುದಿಯಿಂದ ತುದಿಗೆ ಬಾಗುತ್ತದೆ. ಹೀಗೆ ಬಾಗುವಿಕೆಯನ್ನು ಇಡೀ ಬೆನ್ನಿಗೆ ಹಂಚುವುದೇ ಪರಿಷ್ಕಾರದ ಸಾರ.

ಅಭ್ಯಾಸವು ಪಾದಗಳಿಂದ ಮೊದಲಾಗಬೇಕು. ಸೊಂಟದಗಲ ಅಂತರದಲ್ಲಿ ಪಾದಗಳನ್ನು ಸಮಾನಾಂತರವಾಗಿಟ್ಟು, ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿರಿ. ಪಾದಗಳು ಹೊರಮುಖವಾಗಿ ತಿರುಗಿದೊಡನೆ ಕೆಳಬೆನ್ನು ಇರುಕಿಕೊಳ್ಳುತ್ತದೆ. ತೊಡೆಗಳನ್ನು ದೃಢಗೊಳಿಸಿ, ಬಾಲಮೂಳೆಯನ್ನು ಕೆಳಕ್ಕೆ ಇಳಿಬಿಡಿ. ಅನಂತರ ಉಸಿರು ಸೆಳೆಯುತ್ತ ಎದೆಯನ್ನು ಮೇಲಕ್ಕೆ ಎತ್ತಿರಿ. ಮೊದಲು ಮೇಲಕ್ಕೆ, ಆಮೇಲೆ ಹಿಂದಕ್ಕೆ: ಈ ಅನುಕ್ರಮವನ್ನು ಎಂದೂ ತಪ್ಪಿಸಬಾರದು. ಕೈಗಳನ್ನು ಸೊಂಟದ ಮೇಲಿರಿಸಿ ಮಾಡುವ ಅರ್ಧಚಕ್ರಾಸನವೇ ಮೊದಲ ಮೆಟ್ಟಿಲು. ಕೊರಳನ್ನು ಎಲ್ಲಕ್ಕಿಂತ ಕೊನೆಗೆ ಬಾಗಿಸಿರಿ. ಉಸಿರು ತಡೆದುಹೋದರೆ ಮಿತಿ ಮೀರಿದೆಯೆಂದೇ ತಿಳಿಯಿರಿ.

ಇದು ಸ್ಥಿರವಾದ ಮೇಲೆ, ಗೋಡೆಗೆ ಬೆನ್ನು ಮಾಡಿ ಸುಮಾರು 3 ಅಡಿ ದೂರದಲ್ಲಿ ನಿಂತು, ಹಿಂಬಾಗಿ ಅಂಗೈಗಳನ್ನು ಗೋಡೆಗೆ ಊರಿರಿ. ದಿನಗಳೆದಂತೆ ಅಂಗೈಗಳನ್ನು ಗೇಣುಗೇಣಾಗಿ ಕೆಳಗಿಳಿಸಬಹುದು. ಆದರೆ ಎಷ್ಟು ಇಳಿದಿರೋ ಅಷ್ಟರಿಂದ ಒದ್ದಾಟವಿಲ್ಲದೆ ಮೇಲೇಳಲು ಸಾಧ್ಯವಾಗಬೇಕು. ಏಳುವಾಗ ಭಾರವನ್ನು ಪಾದಗಳಿಗೆ ತಂದು, ತೊಡೆಗಳನ್ನು ಮುಂದೂಡಿ, ಎದೆಯನ್ನೆತ್ತಿ, ತಲೆಯನ್ನು ಕಟ್ಟಕಡೆಗೆ ತನ್ನಿರಿ. ಮರಳುವ ದಾರಿ ತಿಳಿಯದ ಆಳವು ಸಾಧನೆಯಲ್ಲ. ಕೊನೆಗೆ ಅಂಗಾತ ಮಲಗಿ ಮಂಡಿಗಳನ್ನು ಮಡಚಿ ಬೆನ್ನಿಗೆ ವಿಶ್ರಾಂತಿ ನೀಡಿರಿ.

ಅಧಿಕ ರಕ್ತದೊತ್ತಡ, ತಲೆಸುತ್ತು, ಕಶೇರುಕಗಳ ನಡುವಣ ಬಿಲ್ಲೆಯ ತೊಂದರೆ, ಅಂಡವಾಯು ಇರುವವರೂ ಗರ್ಭಿಣಿಯರೂ ಇದನ್ನು ಮಾಡಬಾರದು. ಬೆಳೆಯುವ ವಯಸ್ಸಿನ ಮಕ್ಕಳು ಪದೇಪದೇ ಅತಿಯಾಗಿ ಹಿಂಬಾಗುವುದರಿಂದ ಕೆಳಬೆನ್ನಿನ ಕಶೇರುಕದಲ್ಲಿ ಸೂಕ್ಷ್ಮ ಬಿರುಕು ಮೂಡುವುದುಂಟು. ಬಾಗುವಾಗ ಸೊಂಟದಲ್ಲಿ ನೋವೆಂದು ಮಗು ಹೇಳಿದರೆ ಅದನ್ನು ಸೋಮಾರಿತನವೆಂದು ಗದರಿಸದೆ ವೈದ್ಯರಿಗೆ ತೋರಿಸಬೇಕು.

ಪತಂಜಲಿ ಮುನಿಗಳು ಆಸನದಲ್ಲಿ ಬಯಸಿದ್ದು ಸ್ಥಿರತೆಯನ್ನು ಮತ್ತು ಸುಖವನ್ನು, ಚಪ್ಪಾಳೆಯನ್ನಲ್ಲ. ಇಂದು ನಾನು ಹುಡುಗನಾಗಿದ್ದಾಗಿನ ಅರ್ಧದಷ್ಟೂ ಬಾಗುವುದಿಲ್ಲ. ಆದರೆ ಬಾಗಿದಷ್ಟನ್ನು ಇಡೀ ಬೆನ್ನಿನಿಂದ ಬಾಗುತ್ತೇನೆ; ನಗುಮುಖದಿಂದ ಏಳುತ್ತೇನೆ. ಮುಂದಿನ ಪ್ರದರ್ಶನದಲ್ಲಿ ಮಕ್ಕಳು ಬಾಗಿದಾಗಲ್ಲ, ಸುಖವಾಗಿ ಎದ್ದುನಿಂತಾಗ ಚಪ್ಪಾಳೆ ತಟ್ಟೋಣವೆಂದು ಪೋಷಕರಲ್ಲಿಯೂ ಸಹಶಿಕ್ಷಕರಲ್ಲಿಯೂ ನನ್ನ ವಿನಂತಿ.