ಬ್ರಹ್ಮಗಿರಿಯ ಬಂಡೆ, ಮಂಡಿಯ ಹಲಗೆ: ವೆಬ್‌ಸೈಟ್ ಮಾಡಿಸುವವರಿಗೆ ಒಂಬತ್ತು ಸೂತ್ರ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಕೆತ್ತಿಸಿದ ಶಾಸನಕ್ಕೆ 2,200 ವರ್ಷ ದಾಟಿದೆ. ಯಾರು ಹೋಗಿ ನಿಂತರೂ, ಯಾವ ಹೊತ್ತಿಗೆ ನಿಂತರೂ ಅದೇ ಸಾಲುಗಳು. ಅಲ್ಲಿಂದ ಚಳ್ಳಕೆರೆಯ ಮಂಡಿಗೆ ಬಂದು ಶೇಂಗಾ ದರ ಬರೆದ ಹಲಗೆ ನೋಡಿ: ನಿನ್ನೆಯ ಅಂಕಿ ಇವತ್ತಿಲ್ಲ. ಸ್ಟ್ಯಾಟಿಕ್ ವೆಬ್‌ಸೈಟ್ ಆ ಬಂಡೆಯ ಜಾತಿ, ಡೈನಾಮಿಕ್ ವೆಬ್‌ಸೈಟ್ ಈ ಹಲಗೆಯ ಜಾತಿ. ವಚನಕಾರರು ಬಳಸಿದ ಜೋಡಿ ಪದಗಳಲ್ಲೇ ಹೇಳುವುದಾದರೆ ಒಂದು ಸ್ಥಾವರ, ಇನ್ನೊಂದು ಜಂಗಮ.

ಇವುಗಳಲ್ಲಿ ಮೇಲು ಕೀಳಿಲ್ಲ. ಬಂಡೆಯ ಮೇಲೆ ದಿನದ ದರ ಕೆತ್ತಿಸಹೊರಟವರೂ ಕೆಡುತ್ತಾರೆ, ಬರೀ ವಿಳಾಸ ಬರೆಯುವುದಕ್ಕೆ ದುಬಾರಿ ಹಲಗೆ ಮಾಡಿಸಿದವರೂ ಕೆಡುತ್ತಾರೆ. ನಾನು ಹೆಚ್ಚು ಕಂಡಿರುವುದು ಎರಡನೆಯವರನ್ನೇ. ಮಗ್ಗ, ಎಣ್ಣೆ ಮಿಲ್ಲು, ಕಂಬಳಿ ಅಂಗಡಿ ನಡೆಸುವವರ ದುಡ್ಡು ಹೀಗೆ ಪೋಲಾಗುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಸೂತ್ರಗಳು.

1. ಮೊದಲು ಹಾಳೆ, ಆಮೇಲೆ ಡೆವಲಪರ್

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ವರ್ಷಗಟ್ಟಲೆ ಬದಲಾಗದ್ದು, ಬಲಕ್ಕೆ ವಾರದೊಳಗೆ ಬದಲಾಗುವುದು. ಎಣ್ಣೆ ಮಿಲ್ಲಿನವರಾದರೆ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ಯಾವ ಯಾವ ಎಣ್ಣೆ, ಎಷ್ಟು ಲೀಟರಿನ ಡಬ್ಬಿ, ಮಿಲ್ಲಿಗೆ ಬರುವ ದಾರಿ, ಇವೆಲ್ಲ ಎಡಕ್ಕೆ. ಬಲಕ್ಕೆ ಇವತ್ತಿನ ದರ ಒಂದೇ ಉಳಿಯುತ್ತದೆ. ಬಲಗಡೆ ಖಾಲಿಯಿದ್ದರೆ ಕಣ್ಣು ಮುಚ್ಚಿಕೊಂಡು ಸ್ಟ್ಯಾಟಿಕ್ ಮಾಡಿಸಿ. ಬಂದವರೆಲ್ಲ ತಮ್ಮ ತಮ್ಮ ಖಾತೆ, ತಮ್ಮ ತಮ್ಮ ಬಿಲ್ಲು, ತಮ್ಮ ತಮ್ಮ ಆರ್ಡರ್ ನೋಡಬೇಕು ಅಂದರೆ ಮಾತ್ರ ಡೈನಾಮಿಕ್ ತಪ್ಪಿದ್ದಲ್ಲ. ಈ ಹಾಳೆ ಕೈಯಲ್ಲಿಲ್ಲದೆ ಯಾರ ಹತ್ತಿರವೂ ರೇಟು ಕೇಳಬೇಡಿ.

2. ಚಿತ್ರ ಓಡಾಡಿದ ಮಾತ್ರಕ್ಕೆ ಡೈನಾಮಿಕ್ ಅಲ್ಲ

ಇದು ತೀರಾ ಸಾಮಾನ್ಯ ತಪ್ಪು ತಿಳಿವಳಿಕೆ. ಫೋಟೋ ಸರಿದಾಡುವುದು, ಅಕ್ಷರ ಮಿನುಗುವುದು ಸ್ಟ್ಯಾಟಿಕ್ ಪುಟದಲ್ಲೂ ಆಗುತ್ತದೆ. ವ್ಯತ್ಯಾಸ ಇರುವುದು ಪುಟ ಯಾವಾಗ ತಯಾರಾಗುತ್ತದೆ ಎಂಬುದರಲ್ಲಿ. ಸ್ಟ್ಯಾಟಿಕ್‌ನಲ್ಲಿ ಪುಟ ಮೊದಲೇ ತಯಾರಾಗಿ ಕೂತಿರುತ್ತದೆ, ಕೇಳಿದವರಿಗೆ ಸರ್ವರ್ ಎತ್ತಿ ಕೊಡುತ್ತದೆ, ಅಷ್ಟೇ. ಡೈನಾಮಿಕ್‌ನಲ್ಲಿ ನೀವು ಕೇಳಿದ ಮೇಲೆ ಪಿಎಚ್‌ಪಿಯಂಥ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಎಚ್ಚರಗೊಂಡು, ಡೇಟಾಬೇಸಿನಲ್ಲಿ ಹುಡುಕಿ, ಆ ಕ್ಷಣಕ್ಕೆ ಪುಟ ಕಟ್ಟುತ್ತದೆ. 1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ತೆರೆದ ಜಗತ್ತಿನ ಮೊದಲ ವೆಬ್‌ಸೈಟ್ ಸ್ಟ್ಯಾಟಿಕ್ ಬಗೆಯದು. ಅದರ ಪ್ರತಿ ಇವತ್ತಿನ ಮೊಬೈಲಿನಲ್ಲೂ ತೊಡಕಿಲ್ಲದೆ ತೆರೆಯುತ್ತದೆ. ಸಿದ್ಧ ಪುಟಕ್ಕೆ ಆಯಸ್ಸು ಜಾಸ್ತಿ.

3. ಸೀರೆಯವರೇ, ಕಾರ್ಟ್‌ಗೆ ಆತುರ ಬೇಡ

ಮೊಳಕಾಲ್ಮೂರು ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೂವು, ಹಣ್ಣು, ಪ್ರಾಣಿಗಳ ಬುಟ್ಟಾ ಈ ಸೀರೆಯ ಗುರುತು. ಈ ಮಾನ್ಯತೆ, ಈ ವಿನ್ಯಾಸ, ನಿಮ್ಮ ಮನೆಯಲ್ಲಿ ಎಷ್ಟು ತಲೆಮಾರಿನಿಂದ ಮಗ್ಗವಿದೆ, ಸಿಲ್ಕ್ ಮಾರ್ಕ್ ಇದೆಯೋ ಇಲ್ಲವೋ, ಇದನ್ನೇ ಬೆಂಗಳೂರಿನ ಗಿರಾಕಿ ಓದಲು ಬಯಸುವುದು. ಎಲ್ಲವೂ ಬಂಡೆಯ ಮೇಲೆ ಕೆತ್ತಬಹುದಾದ ಮಾತು.

ಇನ್ನು ಆನ್‌ಲೈನ್ ಕಾರ್ಟ್, ಅಂದರೆ ಸೈಟಿನಲ್ಲೇ ಆರಿಸಿ ದುಡ್ಡು ಕಟ್ಟುವ ವ್ಯವಸ್ಥೆಯ ವಿಷಯ. ಕೈಮಗ್ಗದ ಸೀರೆ ಬಹುಪಾಲು ಒಂದೊಂದೇ. ಅದೇ ಬಣ್ಣ, ಅದೇ ಸೆರಗು ಮತ್ತೊಂದು ಕೇಳಿದರೆ ಮತ್ತೆ ಮಗ್ಗಕ್ಕೆ ಹೂಡಬೇಕು. ಬೆಳಿಗ್ಗೆ ಮನೆ ಬಾಗಿಲಲ್ಲಿ ಮಾರಿದ ಸೀರೆಯನ್ನು ಸೈಟಿನಿಂದ ತೆಗೆಯಲು ಮರೆತಿರಿ ಅನ್ನಿ. ಸಂಜೆ ಯಾರೋ ಅದಕ್ಕೇ ದುಡ್ಡು ಕಟ್ಟುತ್ತಾರೆ. ಆಮೇಲೆ ದುಡ್ಡು ವಾಪಸ್ಸು, ಕ್ಷಮೆ, ಕೆಟ್ಟ ಹೆಸರು. ಕಾರ್ಟ್ ಬೇಕೆಂದರೆ ದಿನವೂ ಸ್ಟಾಕ್ ತಿದ್ದುವ ಒಬ್ಬರು ಮನೆಯಲ್ಲಿರಬೇಕು. ಅಲ್ಲಿಯ ತನಕ ಸ್ಟ್ಯಾಟಿಕ್ ಪುಟ, ಅದರಲ್ಲೊಂದು ವಾಟ್ಸ್ಆ್ಯಪ್ ಗುಂಡಿ ಸಾಕು. ಗಿರಾಕಿ ಗುಂಡಿ ಒತ್ತುತ್ತಾರೆ, ಸದ್ಯ ಮಗ್ಗದಿಂದ ಇಳಿದ ಸೀರೆಗಳ ಫೋಟೋ ನೀವು ಕಳಿಸುತ್ತೀರಿ, ಬೆಲೆ ಮಾತಾಡುತ್ತೀರಿ. ಮಾತಾಡಿ ಕೊಳ್ಳುವುದು ನಮ್ಮ ಸೀರೆ ವ್ಯಾಪಾರದ ರೂಢಿಯೂ ಹೌದು.

ಫೋಟೋ ಹಗಲು ಬೆಳಕಿನಲ್ಲಿ, ನೆರಳಿನಲ್ಲಿ ತೆಗೆಯಿರಿ. ಸೀರೆಯ ಹಿಂಬದಿಯದೂ ಒಂದು ಇರಲಿ. ನೇಯ್ಗೆ ಬಲ್ಲವರು ಮೊದಲು ತಿರುಗಿಸಿ ನೋಡುವುದೇ ಅದನ್ನು.

4. ದರ ಹಾಕುವುದಾದರೆ ದಿನವೂ ಹಾಕಿ, ಇಲ್ಲವಾದರೆ ಹಾಕಲೇಬೇಡಿ

ವಾರದ ಹಿಂದಿನ ಶೇಂಗಾ ದರ ನೋಡಿ ಚೀಲ ತುಂಬಿಸಿಕೊಂಡು ಬಂದ ರೈತ ಇನ್ನೊಮ್ಮೆ ನಿಮ್ಮನ್ನು ನಂಬುವುದಿಲ್ಲ. ಕೃಷಿ ಮಾರುಕಟ್ಟೆಗಳ ದರವನ್ನು ಸರ್ಕಾರದ ಕೃಷಿ ಮಾರಾಟ ವಾಹಿನಿ ಊರುವಾರು, ಬೆಳೆವಾರು ಕೊಡುತ್ತದೆ. ಅದಕ್ಕೊಂದು ಕೊಂಡಿ ಹಾಕಿ ಮುಗಿಸಿ. 2014ರಲ್ಲಿ ಶುರುವಾದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ನಿಜವಾದ ಜಂಗಮಕ್ಕೆ ಒಳ್ಳೆಯ ಉದಾಹರಣೆ: ಪ್ರತಿ ಲಾಟಿಗೂ ವರ್ತಕರು ಬೇರೆ ಬೇರೆ ದರ ನಮೂದಿಸುತ್ತಾರೆ, ಹೆಚ್ಚಿನದು ಯಾವುದೆಂದು ಆಗಲೇ ಗೊತ್ತಾಗಬೇಕು. ಅಲ್ಲಿ ಡೇಟಾಬೇಸ್ ಇಲ್ಲದೆ ಕೆಲಸವೇ ಸಾಗದು.

5. ಜಾತ್ರೆಯ ದಿನವನ್ನು ಲೆಕ್ಕಕ್ಕೆ ತಗೊಳ್ಳಿ

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವಕ್ಕೆ ಫಾಲ್ಗುಣದಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಅವತ್ತು ವಸತಿ, ಬಸ್ಸು, ತೇರಿನ ಹೊತ್ತು ಹುಡುಕುವವರೆಲ್ಲ ಒಟ್ಟಿಗೇ ಬಂದರೆ ಅಗ್ಗದ ಹೋಸ್ಟಿಂಗ್ ಮೇಲಿನ ಡೈನಾಮಿಕ್ ಸೈಟು ಕುಸಿಯುತ್ತದೆ, ಏಕೆಂದರೆ ಪ್ರತಿಯೊಬ್ಬರಿಗೂ ಪುಟವನ್ನು ಹೊಸದಾಗಿ ಕಟ್ಟಬೇಕು. ಸಿದ್ಧ ಪುಟ ಹಂಚುವುದು ಪಾಂಪ್ಲೆಟ್ ಹಂಚಿದಷ್ಟು ಸಲೀಸು. ಜಾತ್ರೆಯ ಮಾಹಿತಿ ಸ್ಟ್ಯಾಟಿಕ್ ಇರಲಿ. ರಥೋತ್ಸವದಲ್ಲಿ ನಡೆಯುವ ಮುಕ್ತಿ ಬಾವುಟದ ಹರಾಜಿನ ಕೂಗು ಕ್ಷಣಕ್ಷಣಕ್ಕೆ ತೋರಿಸಬೇಕೆಂದರೆ ಮಾತ್ರ ಆ ಒಂದು ತುಂಡಿಗೆ ಡೈನಾಮಿಕ್ ತನ್ನಿ.

6. ಮಾಡಿಸುವ ಖರ್ಚಲ್ಲ, ಸಾಕುವ ಖರ್ಚು ಕೇಳಿ

"ಮೂರು ವರ್ಷಕ್ಕೆ ಒಟ್ಟು ಎಷ್ಟು?" ಹೀಗೇ ಕೇಳಿ, ಬರೆಸಿಕೊಳ್ಳಿ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಡೈನಾಮಿಕ್ ತಾಣವನ್ನು ಎಲ್ಲರ ಕೈಗೆಟುಕಿಸಿತು, ನಿಜ. ಆದರೆ ಅದನ್ನೂ ಅದರ ಪ್ಲಗಿನ್‌ಗಳನ್ನೂ ಆಗಾಗ ಹೊಸದು ಮಾಡುತ್ತಿರಬೇಕು. ಬಿಟ್ಟರೆ ಕಳ್ಳರು ನುಗ್ಗುತ್ತಾರೆ. ನಾನೇ ಮಾಡಿಕೊಟ್ಟ ಒಂದು ಸೈಟನ್ನು ಎರಡು ವರ್ಷ ಯಾರೂ ಮುಟ್ಟಲಿಲ್ಲ, ನಾನೂ ನೆನಪಿಸಲಿಲ್ಲ. ಒಂದು ದಿನ ತೆರೆದರೆ ಅಂಗಡಿಯ ಪುಟದಲ್ಲಿ ಜೂಜಿನ ಜಾಹೀರಾತು. ಆ ತಪ್ಪು ನನ್ನದು. ಸ್ಟ್ಯಾಟಿಕ್ ತಾಣದಲ್ಲಿ ಒಡೆದು ನುಗ್ಗಲು ಡೇಟಾಬೇಸೇ ಇರುವುದಿಲ್ಲ, ಡೊಮೈನಿನ ವಾರ್ಷಿಕ ಶುಲ್ಕ ಬಿಟ್ಟರೆ ಖರ್ಚೂ ಕಡಿಮೆ. ಗಿಟ್‌ಹಬ್ ಪೇಜಸ್ ಉಚಿತವಾಗಿಯೇ ಜಾಗ ಕೊಡುತ್ತದೆ: ಸೈಟು 1 ಜಿಬಿ ಮೀರಬಾರದು, ಆನ್‌ಲೈನ್ ವ್ಯಾಪಾರ ನಡೆಸಬಾರದು ಎಂಬ ನಿಯಮವಿದೆ. ಶಾಲೆ, ಗ್ರಂಥಾಲಯ, ಯುವಕ ಸಂಘಕ್ಕೆ ಬೇಕಾದಷ್ಟಾಯಿತು.

7. ಬಂಡೆಗೇ ಹಲಗೆ ತೂಗುಹಾಕಿ

ಎರಡೂ ಬೇಕೆನ್ನುವವರಿಗೆ ನಡುದಾರಿ ಇದೆ. ಇಡೀ ಸೈಟು ಸ್ಟ್ಯಾಟಿಕ್. ದರದ ಜಾಗ ಮಾತ್ರ ಗೂಗಲ್ ಶೀಟಿನಿಂದ ಅಂಕಿ ಓದಿಕೊಳ್ಳುವಂತೆ ಸಣ್ಣ ಜಾವಾಸ್ಕ್ರಿಪ್ಟ್. ಮಿಲ್ಲಿನ ಗುಮಾಸ್ತರು ಮೊಬೈಲಿನಲ್ಲಿ ಶೀಟು ತಿದ್ದಿದರೆ ಪುಟದಲ್ಲಿ ದರ ಬದಲಾಗುತ್ತದೆ. ಪುಟಗಳು ನೂರಾರು ಇದ್ದರೆ 2008ರ ಜೆಕಿಲ್, 2013ರ ಹ್ಯೂಗೋದಂಥ ಸಲಕರಣೆಗಳಿವೆ: ನೀವು ಬರಹ ಕೊಡಿ, ಎಲ್ಲ ಪುಟ ಅವೇ ಅಚ್ಚು ಹಾಕುತ್ತವೆ. ಕಂಪ್ಯೂಟರ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಕಲಿಯಬೇಕಾದದ್ದು ಇದನ್ನು.

8. ಕನ್ನಡವನ್ನು ಯೂನಿಕೋಡಿನಲ್ಲೇ ಬರೆಸಿ

ಹಳೆಯ ನುಡಿ ಫಾಂಟಿನ ಆಸ್ಕಿ ಬರಹ ಹಾಕಿದರೆ ಬೇರೆಯವರ ಮೊಬೈಲಿನಲ್ಲಿ ಗೀಚಿದಂತೆ ಕಾಣುತ್ತದೆ. ಕನ್ನಡವನ್ನು ಫೋಟೋ ಮಾಡಿ ಅಂಟಿಸಿದರೆ ಗೂಗಲ್‌ಗೆ ಸಿಗುವುದು ಕಷ್ಟ. ರಾಯದುರ್ಗದ ಕಡೆಯ ಗಿರಾಕಿಗಳಿದ್ದರೆ ತೆಲುಗಿನಲ್ಲೊಂದು ಪುಟ ಸೇರಿಸಿ.

9. ಕೀಲಿ ನಿಮ್ಮದು, ಪ್ರತಿ ಮೂರು, ಕೊನೆಗೊಂದು ಹೆಸರು

ಡೊಮೈನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ನೋಂದಣಿಯಾಗಲಿ. ಡೆವಲಪರ್ ಹೆಸರಿನಲ್ಲಿ ಬೇಡ. ಸೈಟಿನ ಪ್ರತಿ ಮೂರು ಕಡೆ ಇರಲಿ: ಸರ್ವರಿನಲ್ಲಿ, ಮನೆಯ ಪೆನ್‌ಡ್ರೈವಿನಲ್ಲಿ, ಇನ್ನೊಬ್ಬ ನಂಬಿಗಸ್ತರಲ್ಲಿ. ಅಶೋಕನ ಒಂದೇ ಮಾತು ಬ್ರಹ್ಮಗಿರಿ, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಕೆತ್ತಲ್ಪಟ್ಟಿದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇವನ್ನು ಪತ್ತೆಹಚ್ಚಿದಾಗ ಜಟಿಂಗ ರಾಮೇಶ್ವರದ್ದು ಬಹಳ ಸವೆದಿತ್ತು; ದೇವಸ್ಥಾನದ ಮೆಟ್ಟಿಲ ಬುಡದ ಬಂಡೆ, ಕಾಲ್ತುಳಿತಕ್ಕೆ ಸಿಕ್ಕಿತ್ತು. ಉಳಿದೆರಡು ಇದ್ದದ್ದರಿಂದ ಅದರಲ್ಲಿ ಏನಿತ್ತೆಂದು ತಿಳಿಯಿತು.

ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಲಿಪಿಕಾರ ಚಪಡ. ನಿಮ್ಮ ಪುಟದ ಅಡಿಯಲ್ಲೂ ಕೊನೆಯದಾಗಿ ತಿದ್ದಿದ ದಿನಾಂಕ, ತಿದ್ದಿದವರ ಹೆಸರು, ಒಂದು ಫೋನ್ ನಂಬರು ಹಾಕಿಸಿ. ಏನಾದರೂ ತಪ್ಪು ಕಂಡರೆ ಗಿರಾಕಿ ಯಾರಿಗೆ ಫೋನ್ ಮಾಡಬೇಕೆಂದು ತಿಳಿಯಲಿ.